ಪಿಎಚ್‌ಸಿ ಡಾಕ್ಟರಿಗೆ ಜೆನೆಟಿಕ್ ಕೌನ್ಸೆಲಿಂಗ್ ಕಲಿಸುವುದಾದರೆ ಏನು ಕಲಿಸಬೇಕು? ಧಾರವಾಡ, ಗದಗ, ಹಾವೇರಿಯವರು ಹೇಳಿ

ಕುಂದಗೋಳ ಕಡೆಯ ಡಾಕ್ಟರ್

ನಮ್ಮ ಕಡೆಯ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯರು, ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು), ಸಿಸ್ಟರ್‌ಗಳಿಗೆ ಎರಡು ದಿನದ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಮನೆತನದಲ್ಲಿ ಹರಿದು ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವ ತರಬೇತಿ ಮಾಡೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಪಠ್ಯದ ಕರಡು ಕೈಗೆ ಬಂತು. ಮೊದಲ ದಿನ ಪೂರ್ತಿ ಡಿಎನ್‌ಎ, ಕ್ರೋಮೋಸೋಮ್, ಮೆಂಡೆಲ್‌ನ ಬಟಾಣಿ. ಎರಡನೇ ದಿನ ಊಟ ಆದಮೇಲೆ, ಎಲ್ಲರೂ ತೂಕಡಿಸುವ ಹೊತ್ತಿಗೆ, ಮನೆಯವರ ಜೊತೆ ಮಾತಾಡುವುದು ಹೇಗೆ ಅಂತ ಅರ್ಧ ಗಂಟೆ. ನನಗಂತೂ ಇದು ತಲೆಕೆಳಗು ಅನ್ನಿಸಿತು.

ಮೆಂಡೆಲ್‌ನನ್ನು ನಾವು ಪಿಯುಸಿಯಲ್ಲೂ ಓದಿದ್ದೇವೆ, ಎಂಬಿಬಿಎಸ್‌ನಲ್ಲೂ ಓದಿದ್ದೇವೆ. ಬಾರದೇ ಇರುವುದು ಬೇರೆ. ಗಂಡ ಹೆಂಡತಿ ಎದುರಿಗೆ ಕೂತಿರುತ್ತಾರೆ, ಅತ್ತೆ ಪಕ್ಕದಲ್ಲಿ ನಿಂತಿರುತ್ತಾರೆ, ಬಾಗಿಲಲ್ಲಿ ಚೀಟಿ ಹಿಡಿದ ಜನ ಇಣುಕುತ್ತಿರುತ್ತಾರೆ. ಆಗ ಈ ಮಾತನ್ನು ಹೇಗೆ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು? ಅದನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ.

ನನ್ನನ್ನು ಕೇಳಿದರೆ ಮೂರು ತಲೆಮಾರಿನ ಮರ ಬರೆಯುವುದನ್ನು ಕೈಹಿಡಿದು ಕಲಿಸಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದವರ ಗುರುತಿಗೆ ಒಳಗೆ ಕಪ್ಪು, ಸೋದರಿಕೆಯಲ್ಲಿ ಮದುವೆ ಆಗಿದ್ದರೆ ನಡುವೆ ಜೋಡಿಗೆರೆ. ಒಂದು ಹಾಳೆ, ಒಂದು ಪೆನ್ನು ಸಾಕು. ಆಮೇಲೆ ಅಪಾಯ ಎಷ್ಟು ಅನ್ನುವುದನ್ನು ಹೆದರಿಸದೆ, ಮುಚ್ಚಿಡದೆ ಹೇಳುವ ಅಭ್ಯಾಸ. ಕೊನೆಗೆ ಯಾರನ್ನು, ಎಲ್ಲಿಗೆ, ಯಾವ ವಾರದೊಳಗೆ ಕಳಿಸಬೇಕು ಅನ್ನುವುದು. ಇಷ್ಟು ಬಂದರೆ ಉಳಿದದ್ದನ್ನು ಫೋನಿನಲ್ಲಿ ಕೇಳಿಕೊಳ್ಳಬಹುದು.

ಪಿಎಚ್‌ಸಿ ಮಟ್ಟದಲ್ಲಿ ಇದೆಲ್ಲಾ ಆಗುವ ಮಾತೇ ಅನ್ನುವವರಿಗೆ ಒಂದು ನೆನಪು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ವೈದ್ಯರಿಗೆ ಮಾನಸಿಕ ಕಾಯಿಲೆ ಗುರುತಿಸಿ ಔಷಧ ಕೊಡುವುದನ್ನು ಕಲಿಸಿದ್ದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಗಲೂ ಇದು ತಜ್ಞರ ಕೆಲಸ, ಹಳ್ಳಿ ಡಾಕ್ಟರಿಗೇಕೆ ಅಂದವರು ಇದ್ದೇ ಇರುತ್ತಾರೆ, ಅಲ್ವಾ.

ಗದಗ ಸಿಸ್ಟರ್

ಡಾಕ್ಟ್ರೇ, ಮರ ಬರೆಯುವುದು ಸರಿ. ಆದರೆ ಆ ಮರಕ್ಕೆ ಬೇಕಾದ ಮಾಹಿತಿ ಬರುವುದು ನಿಮ್ಮ ರೂಮಿನಲ್ಲಲ್ಲ, ನಮ್ಮ ಟೇಬಲ್ ಹತ್ತಿರ. ತಾಯಿ ಕಾರ್ಡ್ ಮಾಡಿಸಲು ಬಂದಾಗ.

ಕೇಳುವ ರೀತಿಯಲ್ಲೇ ಎಲ್ಲಾ ಇದೆ. "ರಕ್ತಸಂಬಂಧದಲ್ಲಿ ಮದುವೆ ಆಗಿದ್ದೀರಾ?" ಅಂದರೆ ಅರ್ಧ ಜನ "ಇಲ್ರೀ" ಅಂತಾರೆ. ಏನೋ ತಪ್ಪು ಹಿಡಿಯೋಕೆ ಕೇಳ್ತಿದ್ದಾರೆ ಅನ್ನಿಸುತ್ತೆ. ಅದೇ "ಲಗ್ನಕ್ಕಿಂತ ಮೊದಲು ನಿಮ್ಮ ಮನಿಯವರು ನಿಮಗೇನಾಗಬೇಕಿತ್ತವ್ವಾ?" ಅಂದು ನೋಡಿ. "ಸೋದರಮಾವ ರೀ", "ಅತ್ತಿ ಮಗ ಆಗಬೇಕ್ರೀ" ಅಂತ ನಕ್ಕೊಂಡು ಹೇಳ್ತಾರೆ.

ಇನ್ನೊಂದು. "ಎಷ್ಟು ಮಕ್ಕಳು?" ಅಂದರೆ ಬದುಕಿರುವ ಮಕ್ಕಳ ಲೆಕ್ಕ ಮಾತ್ರ ಬರುತ್ತೆ. ಎಷ್ಟು ಸಲ ಬಸಿರಾಗಿದ್ದರು, ಎಷ್ಟು ಹೋಯಿತು, ಹುಟ್ಟಿ ಎಷ್ಟು ದಿನಕ್ಕೆ ಹೋಯಿತು, ಗಂಡು ಕೂಸೋ ಹೆಣ್ಣು ಕೂಸೋ, ಒಂದೊಂದಾಗಿ ಕೇಳಬೇಕು. ತವರಿನ ಕಡೆ ಅಣ್ಣತಮ್ಮಂದಿರು ಚಿಕ್ಕಂದಿನಲ್ಲೇ ತೀರಿಕೊಂಡಿದ್ದರೆ ಅದೂ ಬೇಕು. ಇದಕ್ಕೆಲ್ಲಾ ಉತ್ತರ ಹೇಳುವುದು ಸೊಸೆ ಅಲ್ಲ, ಅತ್ತೆ. ಸೊಸೆ ತಲೆ ಬಗ್ಗಿಸಿ ಕೂತಿರ್ತಾಳೆ. ನಾನು ಏನು ಮಾಡ್ತೀನಿ ಅಂದರೆ, "ಯವ್ವಾ, ಬಂದೀರಿ, ನೀವೂ ಒಂದು ಬಿಪಿ ತೋರಿಸ್ಕೊಂಡು ಬರ್ರಿ" ಅಂತ ಅತ್ತೆಯನ್ನು ಪಕ್ಕದ ರೂಮಿಗೆ ಕಳಿಸ್ತೀನಿ. ಅತ್ತೆಗೂ ಖುಷಿ, ನನಗೂ ಐದು ನಿಮಿಷ ಸಿಗುತ್ತೆ. ಇದನ್ನು ನಿಮ್ಮ ಪಠ್ಯದಲ್ಲಿ ಸೇರಿಸಿ.

ಹುಬ್ಬಳ್ಳಿ ಜನರಲ್ ಪ್ರಾಕ್ಟೀಸ್

ಸಿಸ್ಟರ್ ಹೇಳಿದ್ದು ಚೆನ್ನಾಗಿದೆ. ಆದರೆ ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಟೈಮ್ ಎಲ್ಲಿದೆ? ಒಬ್ಬ ರೋಗಿಗೆ ಎರಡು ಮೂರು ನಿಮಿಷ ಸಿಕ್ಕರೆ ಪುಣ್ಯ. ಕೌನ್ಸೆಲಿಂಗ್ ಅಂದರೆ ಕನಿಷ್ಠ ಅರ್ಧ ಗಂಟೆ. ತರಬೇತಿ ಆಗುತ್ತೆ, ಸರ್ಟಿಫಿಕೇಟ್ ಕೊಡ್ತಾರೆ, ಗ್ರೂಪ್ ಫೋಟೋ ತೆಗೆಸ್ತಾರೆ, ಅಲ್ಲಿಗೆ ಮುಗೀತು. ಇನ್ನೊಂದು ಭಯ ಏನಂದರೆ ಅರೆಬರೆ ಕಲಿತವರು ಪೂರ್ತಿ ಗೊತ್ತಿಲ್ಲದವರಿಗಿಂತ ಜಾಸ್ತಿ ಮಾತಾಡ್ತಾರೆ. ತಜ್ಞರ ಕೆಲಸ ತಜ್ಞರೇ ಮಾಡಲಿ.

ಕುಂದಗೋಳ ಕಡೆಯ ಡಾಕ್ಟರ್

ಸರ್, ತಜ್ಞರ ಹತ್ತಿರ ಹೋಗಬೇಕು ಅಂತ ಆ ಮನೆಯವರಿಗೆ ಯಾರು ಹೇಳಬೇಕು? ಅವರು ಮೊದಲು ಬರುವುದು ನಿಮ್ಮ ಹತ್ತಿರ, ನನ್ನ ಹತ್ತಿರ. ಬಂದವರೆಲ್ಲರಿಗೂ ಅರ್ಧ ಗಂಟೆ ಕೊಡಿ ಅಂತ ನಾನು ಹೇಳ್ತಿಲ್ಲ. ಮೂರು ಸಲ ಹೊಟ್ಟೆ ನಿಲ್ಲದವರು, ಹಿಂದಿನ ಮಗುವಿಗೆ ತೊಂದರೆ ಇದ್ದವರು, ನಾಲ್ಕೈದು ವರ್ಷದ ಹುಡುಗ ಮೆಟ್ಟಿಲು ಹತ್ತೋಕೆ ಕಷ್ಟಪಡ್ತಾನೆ, ತೊಡೆ ಮೇಲೆ ಕೈ ಊರಿ ಏಳ್ತಾನೆ ಅಂತ ಕರೆದುಕೊಂಡು ಬಂದವರು, ಇಂಥವರು ದಿನಾ ಬರಲ್ಲ. ಬಂದ ದಿನ ಗುರುತು ಹತ್ತಬೇಕು, ಅಷ್ಟೇ. ಆ ಹುಡುಗನಿಗೆ ಟಾನಿಕ್ ಬರೆದು ಕಳಿಸಿದರೆ ಏನಾಗುತ್ತೆ ನೋಡಿ. ಡುಶೆನ್ ಸ್ನಾಯು ಕಾಯಿಲೆ (ಸ್ನಾಯು ಸವೆಯುತ್ತಾ ಹೋಗುವ, ಸಾಮಾನ್ಯವಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ) ಅಂತ ಗೊತ್ತಾಗುವ ಹೊತ್ತಿಗೆ ಅವನ ತಾಯಿ ಮತ್ತೊಮ್ಮೆ ಬಸುರಿ ಆಗಿರುತ್ತಾಳೆ. ಸಿಕೆ ಅನ್ನುವ ಒಂದು ರಕ್ತಪರೀಕ್ಷೆ ಬರೆದಿದ್ದರೆ ಅವತ್ತೇ ಅನುಮಾನ ಬರುತ್ತಿತ್ತು.

ಹಾವೇರಿಯ ಒಬ್ಬ ಅಪ್ಪ

ನಾನು ಡಾಕ್ಟರ್ ಅಲ್ಲ. ನನ್ನ ಮಗಳಿಗೆ ಥಲಸ್ಸೀಮಿಯಾ ಮೇಜರ್, ಮೈಯಲ್ಲಿ ರಕ್ತ ಸರಿಯಾಗಿ ಆಗದ ಹುಟ್ಟುಕಾಯಿಲೆ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸ್ತೀವಿ. ಸರ್ಕಾರಿ ರಕ್ತನಿಧಿಯಲ್ಲಿ ಇಂಥ ಮಕ್ಕಳಿಗೆ ರಕ್ತಕ್ಕೆ ದುಡ್ಡು ತಗೊಳ್ಳಲ್ಲ. ಆದರೆ ದೇಹದಲ್ಲಿ ಸೇರುವ ಕಬ್ಬಿಣ ಇಳಿಸುವ ಗುಳಿಗೆ, ಬಸ್ಸು, ಶಾಲೆ ತಪ್ಪುವುದು, ಕೆಲಸ ತಪ್ಪುವುದು ಇವೆಲ್ಲಾ ಇದ್ದೇ ಇದೆ. ಅದನ್ನು ಹೇಳೋಕೆ ಬಂದಿಲ್ಲ.

ಹೇಳಬೇಕಾದ್ದು ಲೆಕ್ಕದ ವಿಷಯ. ಮಗಳಿಗೆ ಗೊತ್ತಾದಾಗ ಒಂದು ಆಸ್ಪತ್ರೆಯಲ್ಲಿ ನಮಗೆ, "ನೀವಿಬ್ಬರೂ ಮೈನರ್, ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬರುತ್ತೆ" ಅಂದರು. ಅಷ್ಟೇ ಅಂದರು. ಮೈನರ್ ಅಂದರೆ ಕಾಯಿಲೆ ಇಲ್ಲ, ದೋಷದ ಜೀನ್ ಒಂದನ್ನು ಹೊತ್ತವರು. ಮನೆಗೆ ಬಂದು ನಮ್ಮವ್ವ ಏನು ಲೆಕ್ಕ ಹಾಕಿದಳು ಗೊತ್ತಾ? "ನಾಕರಾಗ ಒಂದು ಆತು, ಇನ್ನ ಮೂರು ಛಲೋ ಹುಟ್ತಾವು." ನಾವೂ ಹ್ಞೂಂ ಅಂದುಕೊಂಡೆವು. ಹೇಳಿದವರು ಸುಳ್ಳು ಹೇಳಿರಲಿಲ್ಲ. ಆದರೆ ನಾವು ಏನು ತಿಳಕೊಂಡೆವು ಅಂತ ಅವರು ತಿರುಗಿ ಕೇಳಲಿಲ್ಲ.

ನಂತರ ದಾವಣಗೆರೆ ಕಡೆ ಹೋದಾಗ ಒಬ್ಬ ನರ್ಸಮ್ಮ ನನ್ನ ಹೆಂಡತಿಗೆ ಹೇಳಿದರು. "ಚೌಕಾಬಾರ ಆಡೀಯಲ್ಲವ್ವಾ? ಹೋದ ಸಲ ಏನು ಬಿದ್ದಿತ್ತು ಅನ್ನೋದು ಈ ಸಲದ ಕವಡಿಗೆ ಗೊತ್ತಿರ್ತದೇನು?" ಅಂದರು. ಪ್ರತಿ ಬಸಿರಿಗೂ ಹೊಸದಾಗಿ ನಾಲ್ಕರಲ್ಲಿ ಒಂದು. ಅವತ್ತು ತಲೆಗೆ ಹೋಯಿತು. ಎರಡನೇ ಮಗುವಿಗೆ ಮೊದಲೇ ಪರೀಕ್ಷೆ ಮಾಡಿಸಿದೆವು.

ಆದ್ದರಿಂದ ಡಾಕ್ಟರಿಗೆ ಏನೇ ಕಲಿಸಿ, ಹೇಳಿ ಮುಗಿಸಿದ ಮೇಲೆ "ಈಗ ನೀವು ಮನೆಗೆ ಹೋಗಿ ನಿಮ್ಮವ್ವಗ ಏನಂತ ಹೇಳ್ತೀರಿ?" ಅಂತ ಕೇಳುವುದನ್ನು ಕಲಿಸಿ.

ಗದಗ ಸಿಸ್ಟರ್

ಅಣ್ಣಾರ, ಆ ನರ್ಸಮ್ಮನ್ನೇ ತರಬೇತಿಗೆ ಕರೆಸಬೇಕು.

ಧಾರವಾಡ ಲ್ಯಾಬ್

ಥಲಸ್ಸೀಮಿಯಾ ಮಾತು ಬಂತಲ್ಲ, ಅದಕ್ಕೇ ನಾಲ್ಕು ಮಾತು. ಮಾಮೂಲಿ ಸಿಬಿಸಿ (ರಕ್ತಕಣ ಎಣಿಕೆ) ವರದಿಯಲ್ಲೇ ಅರ್ಧ ಸುಳಿವು ಇರುತ್ತೆ. ಮಷಿನ್ ಪ್ರಿಂಟ್ ಮಾಡಿ ಕೊಡುತ್ತೆ. ಎಲ್ಲರೂ ಎಚ್‌ಬಿ ಒಂದನ್ನು ನೋಡಿ ಮಡಚಿ ಇಡ್ತಾರೆ. ಕೆಳಗಿನ ಸಾಲುಗಳನ್ನು ನೋಡಿ. ಎಂಸಿವಿ (ಕೆಂಪು ಕಣದ ಗಾತ್ರ) 80ಕ್ಕಿಂತ ಕಡಿಮೆ, ಎಂಸಿಎಚ್ (ಒಂದೊಂದು ಕಣದಲ್ಲಿನ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆ, ಆದರೆ ಕೆಂಪು ಕಣದ ಎಣಿಕೆ ಮಾತ್ರ ಚೆನ್ನಾಗಿದೆ ಅಥವಾ ಜಾಸ್ತಿಯೇ ಇದೆ ಅಂದರೆ ಸಂಶಯ ಪಡಬೇಕು. ಎಂಸಿವಿಯನ್ನು ಕೆಂಪು ಕಣದ ಎಣಿಕೆಯಿಂದ ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಮೈನರ್ ಇರುವ ಸಾಧ್ಯತೆ ಜಾಸ್ತಿ, ಮೇಲೆ ಬಂದರೆ ಐರನ್ ಕೊರತೆ ಕಡೆ ವಾಲುತ್ತೆ. ಇದು ಸುಳಿವು ಮಾತ್ರ, ತೀರ್ಪು ಅಲ್ಲ. ಖಚಿತ ಮಾಡೋಕೆ ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ ಬೇಕು. ಅದರಲ್ಲಿ ಎಚ್‌ಬಿಎ2 ಅನ್ನುವ ಬಗೆ ನೂರಕ್ಕೆ 3.5ಕ್ಕಿಂತ ಮೇಲೆ ಬಂದರೆ ಬೀಟಾ ಥಲಸ್ಸೀಮಿಯಾ ಮೈನರ್.

ಎರಡು ಕಡೆ ಜನ ಜಾರುತ್ತಾರೆ. ಮೈಯಲ್ಲಿ ಐರನ್ ತುಂಬಾ ಕಡಿಮೆ ಇದ್ದರೆ ಎಚ್‌ಬಿಎ2 ಕೂಡ ಇಳಿದು ನಾರ್ಮಲ್ ಅಂತ ಬರಬಹುದು. ಹಾಗಾಗಿ ಸಂಶಯ ಉಳಿದರೆ ಐರನ್ ಕೊಟ್ಟು ಮತ್ತೆ ಮಾಡಿಸಬೇಕು. ಮತ್ತೆ, ಮಗುವಿಗೆ ರಕ್ತ ಹಾಕುವ ಮೊದಲೇ ಎಚ್‌ಪಿಎಲ್‌ಸಿಗೆ ಸ್ಯಾಂಪಲ್ ತೆಗೆದಿಡಿ. ಹಾಕಿದ ಮೇಲೆ ತೆಗೆದರೆ ರಕ್ತ ಕೊಟ್ಟವರ ಕಣವೂ ಅದರಲ್ಲಿ ಬೆರೆತು ಬರುತ್ತೆ.

ಬಸುರಿ ಹೆಂಗಸರು ತಿಂಗಳುಗಟ್ಟಲೆ ಐರನ್ ಗುಳಿಗೆ ನುಂಗಿದರೂ ಎಚ್‌ಬಿ ಏರದಿದ್ದರೆ "ಗುಳಿಗಿ ನುಂಗಿಲ್ಲ, ಚೆಲ್ಯಾಳ" ಅಂತ ಬೈಯುವುದು ನಮ್ಮಲ್ಲಿ ರೂಢಿ. ಚೆಲ್ಲುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಬೈಯುವ ಮೊದಲು ಎಂಸಿವಿ ನೋಡಿ. ಅವಳು ಮೈನರ್ ಅಂತ ಬಂದರೆ ಗಂಡನ ರಕ್ತ ಅದೇ ವಾರ ತೆಗೆಯಬೇಕು. ಗಂಡನದು ನಾರ್ಮಲ್ ಇದ್ದರೆ ಹುಟ್ಟುವ ಮಗುವಿಗೆ ಮೇಜರ್ ಬರಲ್ಲ, ನಿರಾಳ.

ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನಂತೆ ಬಾಗುವ, ಮನೆತನದಲ್ಲಿ ಬರುವ ಕಾಯಿಲೆ) ಬಗ್ಗೆಯೂ ಒಂದು ಮಾತು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರದ ಸಿಕಲ್ ಸೆಲ್ ಮಿಷನ್ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ, ಕರ್ನಾಟಕವೂ ಅದರಲ್ಲಿದೆ. ಅಲ್ಲಿ ಬಳಸುವ ಸಾಲ್ಯುಬಿಲಿಟಿ ಟೆಸ್ಟ್ ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಕಾಯಿಲೆ ಇಲ್ಲದೆ ಬರೀ ಒಂದು ದೋಷದ ಜೀನ್ ಹೊತ್ತವರಲ್ಲೂ ಪಾಸಿಟಿವ್ ಬರುತ್ತೆ. ಮುಂದಿನ ಪರೀಕ್ಷೆ ಆಗುವವರೆಗೆ ಯಾರಿಗೂ ಹೆಸರಿಡಬೇಡಿ.

ಶಿಗ್ಗಾವಿ ಆಶಾ

ಹೆಸರಿಡಬೇಡಿ ಅಂದಿರಲ್ಲ, ಅದೇ ನನ್ನ ಭಯ. ನಾನು ಅದೇ ಊರಿನವಳು. ನನ್ನ ಕೈಯಲ್ಲಿ ಮೈನರ್ ಅಂತ ಬರೆದ ಚೀಟಿ ಕೊಟ್ಟು ಮನೆಗೆ ಮುಟ್ಟಿಸು ಅಂದರೆ ಅದು ಓಣಿಗೆಲ್ಲಾ ಗೊತ್ತಾದ ಹಾಗೆಯೇ. ನಾನು ಬಾಯಿ ಬಿಡದಿದ್ದರೂ, ಇವಳು ಯಾಕೆ ಅವರ ಮನೆಗೆ ಪದೇ ಪದೇ ಹೋಗ್ತಾಳೆ ಅಂತ ಮಾತು ಹುಟ್ಟುತ್ತೆ. ಆ ಹುಡುಗಿಗೆ ಗಂಡು ಬಂದಾಗ "ಆ ಮನಿ ರಕ್ತ ಸರಿ ಇಲ್ಲಂತ" ಅಂತ ಯಾರೋ ಹೇಳೇ ಹೇಳ್ತಾರೆ. ಗಂಡುಮಕ್ಕಳಿಗೆ ಈ ತೊಂದರೆ ಬರಲ್ಲ, ನೋಡಿ. ಅವರನ್ನು ಯಾರೂ ಕೇಳಲ್ಲ.

ಫಲಿತಾಂಶ ಹೇಳುವ ಕೆಲಸ ನಮಗೆ ಬೇಡ. ಕರೆದುಕೊಂಡು ಬರ್ತೀವಿ, ಕೂಡಿಸ್ತೀವಿ, ತಾರೀಕು ನೆನಪು ಮಾಡ್ತೀವಿ. ಹೇಳುವುದು ಡಾಕ್ಟರೇ ಹೇಳಲಿ, ಬಾಗಿಲು ಹಾಕಿಕೊಂಡು ಹೇಳಲಿ. ಮೈನರ್ ಇದ್ದವರು ಆರೋಗ್ಯವಾಗೇ ಇರ್ತಾರೆ, ದುಡಿಯೋಕೆ, ಹೆರೋಕೆ ಏನೂ ತೊಂದರೆ ಇಲ್ಲ ಅನ್ನೋದನ್ನ ಮೊದಲನೇ ವಾಕ್ಯದಲ್ಲೇ ಹೇಳಲಿ. ಕೊನೆಗೆ ಹೇಳಿದರೆ ಅಷ್ಟು ಹೊತ್ತಿಗೆ ಅವರು ಕೇಳಿಸಿಕೊಳ್ಳೋ ಸ್ಥಿತಿಯಲ್ಲಿ ಇರಲ್ಲ.

ಹುಬ್ಬಳ್ಳಿ ಜನರಲ್ ಪ್ರಾಕ್ಟೀಸ್

ಅಕ್ಕಾ, ನೂರಕ್ಕೆ ನೂರು ಸರಿ. ಈ ಒಂದು ಮಾತಿಗೆ ನನ್ನ ವಿರೋಧ ಸ್ವಲ್ಪ ಇಳಿಯಿತು. ಪೂರ್ತಿ ಅಲ್ಲ.

ಆದರೆ ಮೂಲಕ್ಕೇ ಕೈ ಹಾಕಬಾರದೇಕೆ? ಸೋದರಿಕೆ ಬಿಡಿ ಅಂತ ಊರೂರಿಗೆ ಡಂಗುರ ಹೊಡೆಸಿದರೆ ಈ ಕೌನ್ಸೆಲಿಂಗ್ ಗೋಜೇ ಇರಲ್ಲ.

ಧಾರವಾಡದ ನಿವೃತ್ತ ಅಕ್ಕೋರು

ನಾನು ಕಿವುಡ ಮಕ್ಕಳಿಗೆ ಪಾಠ ಮಾಡಿದವಳು. ಒಂದೇ ಮನೆಯ ಅಕ್ಕ, ತಮ್ಮ, ಚಿಕ್ಕಪ್ಪನ ಮಗ ಮೂವರೂ ನನ್ನ ತರಗತಿಯಲ್ಲಿ ಕೂತದ್ದನ್ನು ಕಂಡಿದ್ದೇನೆ. ಆದ್ದರಿಂದ ಸೋದರಿಕೆಯ ಪರ ವಕಾಲತ್ತು ಮಾಡ್ತಿಲ್ಲ. ಆದರೂ ಡಂಗುರ ಬೇಡ ಅಂತೀನಿ.

ಯಾವುದೇ ದಂಪತಿಗೆ ಹುಟ್ಟುವ ಮಗುವಿನಲ್ಲಿ ಹುಟ್ಟಿನಿಂದ ಬಂದ ದೊಡ್ಡ ತೊಂದರೆ ಇರುವ ಸಾಧ್ಯತೆ ನೂರಕ್ಕೆ 2ರಿಂದ 3. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ ಅದು ಹೆಚ್ಚುಕಡಿಮೆ ಎರಡರಷ್ಟು ಆಗುತ್ತೆ. ಸೋದರಮಾವನನ್ನು ಮದುವೆಯಾದರೆ ಇನ್ನೂ ಸ್ವಲ್ಪ ಜಾಸ್ತಿ, ಯಾಕೆಂದರೆ ಸೋದರಮಾವ ಮತ್ತು ಅಕ್ಕನ ಮಗಳ ಜೀನ್‌ಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಪಾಲು ಒಂದೇ, ಅತ್ತೆ ಮಗ ಮಾವನ ಮಗಳಲ್ಲಿ ಎಂಟರಲ್ಲೊಂದು ಪಾಲು. ಅಪಾಯ ಏರುತ್ತೆ ನಿಜ. ಆದರೆ ತಿರುಗಿಸಿ ನೋಡಿ, ಇಂಥ ಮದುವೆಯಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಚೆನ್ನಾಗೇ ಹುಟ್ಟುತ್ತವೆ. ಡಾಕ್ಟರ್ ಬಂದು "ಸೋದರಿಕೆ ಮಾಡಿದರೆ ಮಕ್ಕಳು ಕುಂಟ ಕುರುಡ ಆಗ್ತಾವೆ" ಅಂದರೆ ಜನ ಸುಮ್ನೆ ಪಕ್ಕದ ಮನೆ ಕಡೆ ನೋಡ್ತಾರೆ. ಅಲ್ಲಿ ಅಕ್ಕನ ಮಗಳನ್ನು ತಂದುಕೊಂಡವನ ಮಗ ಪೊಲೀಸ್ ಆಗಿರ್ತಾನೆ. ಮುಗೀತು, ಆಮೇಲೆ ಡಾಕ್ಟರ್ ಹೇಳಿದ ಯಾವ ಮಾತನ್ನೂ ನಂಬಲ್ಲ.

ಅಪಾಯ ಎಲ್ಲಾ ಮನೆಗೂ ಒಂದೇ ಅಲ್ಲ. ಮನೆತನದಲ್ಲಿ ಈಗಾಗಲೇ ಒಂದು ಕಾಯಿಲೆ ಕಂಡಿದ್ದರೆ, ಅದೇ ಬಳಗದೊಳಗೆ ಮತ್ತೆ ಕೊಟ್ಟು ತರುವುದು ಬೇರೆಯೇ ಮಾತು. ಅಂಥ ಮನೆಯನ್ನು ಹುಡುಕಿ, ಲಗ್ನ ನಿಶ್ಚಯ ಆಗುವ ಮುಂಚೆ ಕೂತು ಮಾತಾಡಿ. ನಿಶ್ಚಯ ಆದಮೇಲೆ ಹೋದರೆ ನಿಮ್ಮನ್ನು ಮದುವೆ ಮುರಿಯೋಕೆ ಬಂದವರು ಅಂತಾರೆ. ಇನ್ನು ಈಗಾಗಲೇ ಮದುವೆ ಆಗಿ ಮಗು ಎತ್ತಿಕೊಂಡು ಬಂದ ತಾಯಿಗೆ "ಯಾಕೆ ಸೋದರಿಕೆ ಮಾಡ್ಕೊಂಡ್ರಿ?" ಅಂತ ಕೇಳುವ ಡಾಕ್ಟರ್‌ಗಳನ್ನು ನಾನು ನೋಡಿದ್ದೇನೆ. ಅವಳನ್ನು ಯಾರು ಕೇಳಿ ಮದುವೆ ಮಾಡಿದ್ದರು?

ಹೆರಿಗೆ ಡಾಕ್ಟರ್, ಹುಬ್ಬಳ್ಳಿ

ಅಕ್ಕೋರ ಮಾತಿಗೆ ನನ್ನದೂ ಸಹಿ. ನನ್ನ ದೂರು ವಾರಗಳ ಬಗ್ಗೆ. ನಮ್ಮ ಹತ್ತಿರ 20 ವಾರ ದಾಟಿ ಬಂದು, ಹಿಂದಿನ ಮಗುವಿಗೆ ಥಲಸ್ಸೀಮಿಯಾ ಇತ್ತು ಅಂತಾರೆ. ಆಗ ನಮ್ಮ ಕೈ ಕಟ್ಟಿಹೋಗಿರುತ್ತೆ. ಮಾಸಿನ ಚೂರು ತೆಗೆದು ಮಾಡುವ ಪರೀಕ್ಷೆ (ಸಿವಿಎಸ್) 11ರಿಂದ 13 ವಾರದಲ್ಲಿ ಆಗಬೇಕು. ಅದು ತಪ್ಪಿದರೆ 16 ವಾರದ ಹೊತ್ತಿಗೆ ಗರ್ಭದ ನೀರಿನ ಪರೀಕ್ಷೆ. ಎರಡಕ್ಕೂ ಮೊದಲು ಅಪ್ಪ ಅಮ್ಮನ ಜೀನ್‌ನಲ್ಲಿ ದೋಷ ಎಲ್ಲಿದೆ ಅಂತ ಗೊತ್ತಿರಬೇಕು. ಅದಕ್ಕೇ ಕೆಲವು ವಾರ ಹಿಡಿಯುತ್ತೆ. ಅಂದರೆ ಸರಿಯಾದ ಸಮಯ ಬಸಿರಿಗೆ ಮುಂಚೆ. ಹಿಂದಿನ ಮಗುವಿಗೆ ಲಸಿಕೆ ಹಾಕಿಸಲು ಪಿಎಚ್‌ಸಿಗೆ ಬರ್ತಾರಲ್ಲ, ಆಗ ಹೇಳಬೇಕಾದ ಮಾತು ಇದು.

ಕಾನೂನು ಕೂಡ ಕಲಿಸಿ. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆ ಪ್ರಕಾರ ಗರ್ಭದಲ್ಲಿನ ಇಂಥ ಪರೀಕ್ಷೆ ನೋಂದಾಯಿತ ಕೇಂದ್ರದಲ್ಲೇ ಆಗಬೇಕು, ಹೆಣ್ಣುಮಗಳಿಗೆ ತಿಳಿಯುವ ಭಾಷೆಯಲ್ಲಿ ಬರೆದ ಒಪ್ಪಿಗೆ ಬೇಕು, ಗಂಡೋ ಹೆಣ್ಣೋ ಅಂತ ಯಾರೂ, ಯಾವ ಸನ್ನೆಯಲ್ಲೂ ಹೇಳುವಂತಿಲ್ಲ. ಗರ್ಭಪಾತದ ಕಾನೂನಿಗೆ (ಎಂಟಿಪಿ ಕಾಯ್ದೆ) 2021ರಲ್ಲಿ ತಿದ್ದುಪಡಿ ಆದಮೇಲೆ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶ ಇದೆ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದಕ್ಕೂ ಮೇಲೆ, ಮಗುವಿನಲ್ಲಿ ಗಂಭೀರ ದೋಷ ಇದ್ದರೆ, ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತೆ. ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದು ಆ ಹೆಣ್ಣುಮಗಳಿಗೆ ಬಿಟ್ಟದ್ದು. "ನಾನಾಗಿದ್ದರೆ ತೆಗೆಸಿಬಿಡ್ತಿದ್ದೆ" ಅಂತ ಡಾಕ್ಟರ್ ಒಂದು ಮಾತು ಅಂದರೆ ಸಾಕು, ಅದೇ ಆಜ್ಞೆ ಆಗುತ್ತೆ. ನಮ್ಮ ಕಡೆ ಜನ "ನೀವ ಹೇಳ್ರಿ ಡಾಕ್ಟ್ರ, ಏನ್ ಮಾಡೂಣು?" ಅಂತ ಕಾಲು ಹಿಡಿಯುವ ಹಾಗೆ ಕೇಳ್ತಾರೆ. ಅಲ್ಲಿ ಬಾಯಿ ಕಟ್ಟಿಕೊಂಡು ಕೂರುವುದು ಎಲ್ಲಕ್ಕಿಂತ ಕಷ್ಟ.

ಎಲ್ಲವನ್ನೂ ಜೀನ್ ಮೇಲೆ ಹಾಕಬೇಡಿ ಅಂತಲೂ ಹೇಳಿ. ಹಿಡಿತಕ್ಕೆ ಬಾರದ ಶುಗರ್, ಬಸಿರಿನ ಮೊದಲ ತಿಂಗಳುಗಳಲ್ಲಿ ಬಂದ ರುಬೆಲ್ಲಾ, ಕೆಲವು ಫಿಟ್ಸ್ ಗುಳಿಗೆ, ಇವೂ ಮಗುವಿಗೆ ತೊಂದರೆ ಮಾಡುತ್ತವೆ. ಬೆನ್ನುಹುರಿ ತೆರೆದ ಮಗು ಹುಟ್ಟಿದ್ದ ತಾಯಿ ಮುಂದಿನ ಬಸಿರಿಗೆ ಮುಂಚಿನಿಂದಲೇ ಹೆಚ್ಚಿನ ಪ್ರಮಾಣದ ಫೋಲಿಕ್ ಆಸಿಡ್ ತೆಗೆದುಕೊಂಡರೆ ಮತ್ತೆ ಹಾಗಾಗುವುದು ಸುಮಾರು ನೂರಕ್ಕೆ 70ರಷ್ಟು ತಪ್ಪುತ್ತೆ. ಅಗ್ಗದ ಗುಳಿಗೆ. ಆದರೆ ಬಸಿರು ಗೊತ್ತಾಗಿ ಎರಡು ತಿಂಗಳಾದ ಮೇಲೆ ಶುರು ಮಾಡಿದರೆ ಪ್ರಯೋಜನ ಇಲ್ಲ.

ಕುಂದಗೋಳ ಕಡೆಯ ಡಾಕ್ಟರ್

ಇಷ್ಟೆಲ್ಲಾ ಬಂದಮೇಲೆ ಕರಡನ್ನು ಹರಿದು ಹೊಸದು ಬರೀತಿದ್ದೇನೆ. ಮೆಂಡೆಲ್‌ಗೆ ಒಂದು ಗಂಟೆ. ಸಿಬಿಸಿ ಓದುವುದಕ್ಕೆ ಲ್ಯಾಬ್‌ನವರೇ ಬಂದು ನಿಜವಾದ ವರದಿಗಳನ್ನು ಹೆಸರು ಅಳಿಸಿ ಹಂಚಬೇಕು. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆ, ಅಂಗನವಾಡಿಗೆ ಹೋಗುವ ಆರ್‌ಬಿಎಸ್‌ಕೆ ತಂಡದವರನ್ನೂ ಕರೆಯಬೇಕು, ತೊಂದರೆ ಇರುವ ಮಗುವನ್ನು ಎಷ್ಟೋ ಸಲ ಮೊದಲು ನೋಡುವವರು ಅವರೇ. ಉಳಿದ ಹೊತ್ತೆಲ್ಲಾ ರೋಲ್ ಪ್ಲೇ. ಒಬ್ಬರು ಡಾಕ್ಟರ್, ಒಬ್ಬರು ಬಸುರಿ, ಒಬ್ಬರು ಗಂಡ. ಹಾವೇರಿ ಅಣ್ಣಾರ ಪ್ರಶ್ನೆಯೇ ಪರೀಕ್ಷೆ. ಮನೆಗೆ ಹೋಗಿ ಏನಂತ ಹೇಳ್ತೀರಿ ಅನ್ನುವುದಕ್ಕೆ ಎದುರಿನವರು ಸರಿಯಾದ ಉತ್ತರ ಕೊಟ್ಟರೆ ಡಾಕ್ಟರ್ ಪಾಸ್. ಬಹುಆಯ್ಕೆ ಪ್ರಶ್ನೆಪತ್ರಿಕೆ ಬೇಡ.

ಎರಡು ದಿನದಲ್ಲಿ ಎಲ್ಲಾ ಬರಲ್ಲ, ಒಪ್ಪುತ್ತೇನೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗೆ ಅಂತ ಇಕೋ ಅನ್ನುವ ಪದ್ಧತಿ ಶುರುವಾಯಿತು. ಹಳ್ಳಿ ವೈದ್ಯರು ವಿಡಿಯೋದಲ್ಲಿ ಕೂಡಿ ತಮ್ಮ ತಮ್ಮ ಕೇಸ್ ಹೇಳುವುದು, ತಜ್ಞರು ಮತ್ತು ಉಳಿದವರು ಚರ್ಚೆ ಮಾಡುವುದು. ನಿಮ್ಹಾನ್ಸ್ ಕೂಡ ಇದನ್ನು ಬಳಸುತ್ತಿದೆ. ನಾವೂ ಹಾಗೆ ಕೂಡಬಹುದು. ಬೆಂಗಳೂರಿನ ಜೆನೆಟಿಕ್ಸ್ ತಜ್ಞರೊಬ್ಬರು ಒಂದು ಗಂಟೆ ಸಿಕ್ಕರೆ ಸಾಕು. ನಮ್ಮ ರೋಗಿ ರಾತ್ರಿ ಬಸ್ಸು ಹತ್ತುವ ಮೊದಲೇ ಹೋಗಬೇಕೋ ಬೇಡವೋ ಅನ್ನುವುದು ಗೊತ್ತಾಗುತ್ತೆ.

ಹುಬ್ಬಳ್ಳಿ ಜನರಲ್ ಪ್ರಾಕ್ಟೀಸ್

ಖಾಸಗಿ ವೈದ್ಯರನ್ನು ಯಾವ ಪಟ್ಟಿಯಲ್ಲೂ ಸೇರಿಸಿಲ್ಲ ನೀವು. ಜ್ವರ ಕೆಮ್ಮಿಗೆ ಅರ್ಧ ಊರು ಬರುವುದು ನಮ್ಮ ಹತ್ತಿರ. ನನಗೂ ಒಂದು ಕುರ್ಚಿ ಇಡಿ, ದುಡ್ಡು ಬೇಡ. ವರ್ಕಿಂಗ್ ಡೇ ಮಾತ್ರ ಇಡಬೇಡಿ, ಭಾನುವಾರ ಇಡಿ.

ಶಿಗ್ಗಾವಿ ಆಶಾ

ಭಾನುವಾರ ನಮಗೆ ಆಗಲ್ಲ ಸರ್. ಮನೆ ಕೆಲಸ ನೀವು ಬಂದು ಮಾಡ್ತೀರಾ?

ಗದಗ ಸಿಸ್ಟರ್

ವಾರ ಯಾವುದಾದರೂ ಇಡಿ. ಆದರೆ ನಿಮ್ಮ ರೋಲ್ ಪ್ಲೇಯಲ್ಲಿ ಡಾಕ್ಟರ್, ಬಸುರಿ, ಗಂಡ ಇದ್ದಾರೆ, ಅತ್ತೆಯೇ ಇಲ್ಲವಲ್ಲ. ಅತ್ತೆ ಇಲ್ಲದ ಕೌನ್ಸೆಲಿಂಗ್ ನಮ್ಮ ಕಡೆ ಎಲ್ಲಾದರೂ ನೋಡಿದ್ದೀರಾ? ಆ ಪಾತ್ರ ನಾನೇ ಮಾಡ್ತೀನಿ. ಹುಬ್ಬಳ್ಳಿ ಸರ್ ಡಾಕ್ಟರ್ ಆಗಲಿ. ನನ್ನನ್ನು ಬಿಪಿಗೆ ಕಳಿಸೋಕೆ ನೋಡಿದರೆ ನಾನು ಹೋಗಲ್ಲ, ಬೇರೆ ದಾರಿ ಹುಡುಕಿಕೊಂಡು ಬನ್ನಿ.